ವಿದೇಶಕ್ಕೆ ಹೋಗುವ ವಾದ್ಯಗಳಿಗೆ ಇನ್ನು ಎಲುಬಿನ ಘೋಡಿ ಇಲ್ಲ

ಗ್ರಾಹಕರಿಗೆ ಧಾರವಾಡದಿಂದ ನಮಸ್ಕಾರ.

ಬರುವ ತಿಂಗಳ 1ನೇ ತಾರೀಖಿನಿಂದ, ವಿದೇಶಕ್ಕೆ ಹೋಗಿಬರುವ ಯಾವ ಸಿತಾರಕ್ಕೂ ತಂಬೂರಿಗೂ ನಮ್ಮಲ್ಲಿ ಒಂಟೆ ಎಲುಬಿನ ಘೋಡಿ (ತಂತಿಗಳು ಹಾಯುವ ಕುದುರೆ) ಕೂಡಿಸುವುದಿಲ್ಲ. ಅದರ ಬದಲು ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಪಟ್ಟಿ ಹಾಕುತ್ತೇವೆ. ಊರಲ್ಲೇ ಇರುವ ವಾದ್ಯಗಳಿಗೆ ಎಲುಬು ಮೊದಲಿನಂತೆಯೇ ಸಿಗುತ್ತದೆ.

ಒಂಟೆ ಸಾಕುಪ್ರಾಣಿ, ಅದರ ಎಲುಬಿಗೆ ವನ್ಯಜೀವಿ ಕಾಯ್ದೆಯ ತಡೆ ಇಲ್ಲ. ತೊಡಕು ಬರುವುದು ಅದು ಎಲುಬೇ, ಆನೆದಂತವಲ್ಲ ಎಂದು ಕಸ್ಟಮ್ಸ್ ಕೌಂಟರಿನಲ್ಲಿ ತೋರಿಸುವಾಗ. ಆನೆದಂತವನ್ನು ಅಡ್ಡ ಕೊಯ್ದರೆ ಒಂದನ್ನೊಂದು ಹಾಯುವ ಗೆರೆಗಳು ಕಾಣುತ್ತವೆ. ಎಲುಬಿಗೆ ಹತ್ತು ಪಟ್ಟಿನ ಲೆನ್ಸ್ ಹಿಡಿದರೆ ರಕ್ತನಾಳ ಹಾಯ್ದ ಸಣ್ಣ ಕಪ್ಪು ಚುಕ್ಕೆ, ಗೀರುಗಳು ಕಾಣುತ್ತವೆ. ಆದರೆ ಘೋಡಿಯ ಪಟ್ಟಿಯನ್ನು ಉದ್ದಕ್ಕೆ ಕೊಯ್ದಿರುತ್ತಾರೆ, ಹಾಗಾಗಿ ದಂತವಾಗಿದ್ದರೂ ಆ ಗೆರೆಗಳು ಮೇಲೆ ಬರುವುದಿಲ್ಲ. ಜವಾರಿ (ತಂತಿ ಝೇಂಕರಿಸುವಂತೆ ಘೋಡಿಯ ಮೇಲ್ಮೈಗೆ ಕೊಡುವ ಹದ) ತಿಕ್ಕಿ ನುಣುಪು ಮಾಡಿ, ಎಣ್ಣೆ ಮತ್ತು ತಂತಿಯ ಕಪ್ಪು ಕೂತ ಮೇಲೆ ಎಲುಬಿನ ಚುಕ್ಕೆಗಳೂ ಮುಚ್ಚಿಹೋಗುತ್ತವೆ. ಅನುಮಾನ ಬಂದ ಅಧಿಕಾರಿ ವಾದ್ಯವನ್ನು ತಡೆದು ಪರೀಕ್ಷೆಗೆ ಕಳಿಸುವುದು ನ್ಯಾಯವೇ. ಅಷ್ಟರಲ್ಲಿ ನಿಮ್ಮ ವಿಮಾನ ಹೋಗಿರುತ್ತದೆ, ಸಂಗೀತ ಕಛೇರಿಯೂ ಮುಗಿದಿರುತ್ತದೆ.

ಆನೆದಂತದ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದವಾದ ಸೈಟಿಸ್ 1975ರಲ್ಲಿ ಜಾರಿಗೆ ಬಂತು, ಭಾರತ 1976ರಲ್ಲಿ ಸೇರಿತು. ಏಷ್ಯಾದ ಆನೆ ಅದರ ಮೊದಲ ಅನುಬಂಧದಲ್ಲಿದೆ, ಅಂದರೆ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ದೇಶದ ದಂತದ ವ್ಯಾಪಾರ 1986ರ ತಿದ್ದುಪಡಿಯಿಂದ ನಿಂತಿತು, ಆಮದು ದಂತದ್ದು 1991ರ ತಿದ್ದುಪಡಿಯಿಂದ. ಒಯ್ಯುವುದು ರಫ್ತು, ಮರಳಿ ತರುವುದು ಆಮದು. ಎರಡೂ ಕಡೆ 1962ರ ಕಸ್ಟಮ್ಸ್ ಕಾಯ್ದೆಯಡಿ ಜಪ್ತಿಗೆ ಅವಕಾಶವಿದೆ. 'ಅಜ್ಜನ ಕಾಲದ್ದು' ಎಂಬ ಮಾತು ದಾಖಲೆಯಾಗುವುದಿಲ್ಲ. ಅಮೆರಿಕದಲ್ಲಿ ನೂರು ವರ್ಷ ದಾಟಿದ ವಸ್ತುಗಳಿಗೆ ಇರುವ ವಿನಾಯಿತಿಗೂ ಕಾಗದಪತ್ರ ಬೇಕು.

ಜಿಂಕೆ ಕೊಂಬಿನ ಬಗ್ಗೆ ಹೆಚ್ಚು ತಪ್ಪು ತಿಳಿವಳಿಕೆ ಇದೆ. ಸಿತಾರದವರು 'ಬಾರಾಸಿಂಗಾ' ಎಂದು ಕರೆಯುವ ಪಟ್ಟಿ ಬಹುತೇಕ ಕಡವೆಯ ಕೊಂಬು. ಕಾಡಿನಲ್ಲಿ ತಾನಾಗಿ ಉದುರಿದ ಕೊಂಬಾದರೂ ಅದು ವನ್ಯಪ್ರಾಣಿಯ ಭಾಗವೇ. ದಯವಿಟ್ಟು ಅದನ್ನಾಗಲಿ, ತಂತಿಗೆ ಪೋಣಿಸುವ ದಂತದ ಮಣಿ, ದಂತದ ಹಳೆಯ ಘೋಡಿಗಳನ್ನಾಗಲಿ ನಮ್ಮಲ್ಲಿ ತರಬೇಡಿ. ಕೊಳ್ಳುವುದಿಲ್ಲ, ಬದಲಿಗೆ ಇಟ್ಟುಕೊಳ್ಳುವುದಿಲ್ಲ, ಜವಾರಿಯನ್ನೂ ತಿಕ್ಕುವುದಿಲ್ಲ. ಮನೆಯ ವಾದ್ಯದಲ್ಲಿ ದಂತವಿದ್ದರೆ, ಮಾಲೀಕತ್ವದ ಪ್ರಮಾಣಪತ್ರ ಇದ್ದರೂ ಇಲ್ಲದಿದ್ದರೂ, ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಪ್ರಮಾಣಪತ್ರ ಉಳ್ಳವರು ವಸ್ತುವನ್ನು ತಾವಾಗಿ ಒಪ್ಪಿಸಲು 2022ರ ತಿದ್ದುಪಡಿ ದಾರಿ ಮಾಡಿದೆ, ಅದಕ್ಕೆ ಪರಿಹಾರಧನ ಇಲ್ಲ.

ವಿದೇಶದಲ್ಲಿ ನೆಲೆಸಿ, ಅಲ್ಲಿಂದ ವಾದ್ಯವನ್ನು ರಿಪೇರಿಗೆ ತರುವವರಿಗೆ ಒಂದು ಮಾತು. ಸೈಟಿಸ್ ಪಟ್ಟಿಯ ವಸ್ತು ಇರುವ ಸ್ವಂತ ವಾದ್ಯಕ್ಕೆ ನಿಮ್ಮ ವಾಸದ ದೇಶ ಸಂಗೀತವಾದ್ಯ ಪ್ರಮಾಣಪತ್ರ ಕೊಡಬಹುದು. ಗರಿಷ್ಠ ಮೂರು ವರ್ಷ ನಡೆಯುತ್ತದೆ, ಗಡಿ ದಾಟುವಾಗಲೆಲ್ಲ ತೋರಿಸಬೇಕು. ಹೊರಡುವ ಮೊದಲೇ ಪಡೆಯಬೇಕು. ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಬಿಡಿ ದಂತದ ಪಟ್ಟಿಯನ್ನು ನಮಗಾಗಿ ಬ್ಯಾಗಿನಲ್ಲಿ ಹಾಕಿಕೊಂಡು ಬರಬೇಡಿ.

ಇನ್ನು ಡೆಲ್ರಿನ್. ನಾದ ಎಲುಬಿಗಿಂತ ತುಸು ಮೆತ್ತಗೆ, ಅದನ್ನು ಮುಚ್ಚಿಡುವುದಿಲ್ಲ. ತಂಬೂರಿಯಲ್ಲಿ ಜೀವಾ ದಾರ (ಘೋಡಿಯ ಮೇಲೆ ತಂತಿಯ ಕೆಳಗಿಡುವ ನೂಲು) ಸರಿಯಾಗಿ ಕೂತರೆ ಆ ಅಂತರ ಬಹಳಷ್ಟು ಕಡಿಮೆಯಾಗುತ್ತದೆ. ಯಾವ ಅಂಟೂ ಇದನ್ನು ಗಟ್ಟಿ ಹಿಡಿಯುವುದಿಲ್ಲ. ಅಂಟಿಸಿದ ಪಟ್ಟಿ ತಂತಿಯ ಬಿಗಿತಕ್ಕೆ ಸರಿದು ಶ್ರುತಿ ಕೆಡುತ್ತದೆ. ಆದ್ದರಿಂದ ಕೆಳಗಿನಿಂದ ಸ್ಕ್ರೂ ಹಾಕುತ್ತೇವೆ. ಸ್ಕ್ರೂ ತುದಿಯ ಮೇಲೆ 3 ಮಿ.ಮೀ. ಆದರೂ ಉಳಿಸುತ್ತೇವೆ, ಇಲ್ಲವಾದರೆ ಮುಂದಿನ ಜವಾರಿಗಳಲ್ಲಿ ಕಾನಸಿಗೆ ಕಬ್ಬಿಣ ಸಿಗುತ್ತದೆ. ಬೇರೆ ಊರಲ್ಲಿ ಜವಾರಿ ಮಾಡಿಸುವಾಗ ಮಷೀನ್ ಪಟ್ಟಿಗೆ ಹಿಡಿಯಬೇಡಿ ಎಂದು ಹೇಳಿ: ಬಿಸಿಗೆ ಮೇಲ್ಮೈ ಕರಗಿ ಮೆತ್ತುತ್ತದೆ, ತಂತಿ ಜವಾರಿ ಬಿಟ್ಟು ಮೊಂಡಾಗಿ ನುಡಿಯುತ್ತದೆ. ಕೈ ಕಾನಸು ಮತ್ತು ನುಣುಪು ಕಾಗದ ಮಾತ್ರ. ಕಾದ ಸೂಜಿ ಚುಚ್ಚಿ 'ದಂತವೋ ಪ್ಲಾಸ್ಟಿಕ್ಕೋ' ಎಂದು ನೋಡುವ ಹಳೆಯ ಪರೀಕ್ಷೆಯನ್ನೂ ಮಾಡಬೇಡಿ, ಡೆಲ್ರಿನ್ ಸುಟ್ಟರೆ ಬರುವ ಹೊಗೆ ಕೆಟ್ಟದ್ದು.

ಘೋಡಿಯೊಂದೇ ಅಲ್ಲ. ಹಳೆಯ ವಾಯೊಲಿನ್ ಕಮಾನಿನ ತುದಿಯಲ್ಲಿ ದಂತ, ಹಿಡಿಯಲ್ಲಿ ಆಮೆಚಿಪ್ಪು, ಬೆರಳಿಡುವಲ್ಲಿ ಹಲ್ಲಿಜಾತಿಯ ಚರ್ಮ ಇರಬಹುದು. ಕಮಾನನ್ನು ತಂದು ತೋರಿಸಿ. ಉಡದ ಚರ್ಮದ ಖಂಜಿರ ಹಳೆಯದಿರಲಿ ಹೊಸದಿರಲಿ ಒಯ್ಯಲೇಬಾರದು. ಶೀಶಂ ತಬಲಾಕ್ಕೆ ಈಗ ಹೆದರಬೇಕಿಲ್ಲ: ಆ ಜಾತಿಯ ಮರಗಳೆಲ್ಲ 2017ರ ಜನವರಿಯಲ್ಲಿ ಸೈಟಿಸ್ ಪಟ್ಟಿಗೆ ಬಂದರೂ, 2019ರ ನವೆಂಬರಿನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಇದೆ. ಬಿಡಿ ಕಟ್ಟಿಗೆಗೆ ಅದು ಸಲ್ಲದು. ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹೋಗುವವರು ತಬಲಾದ ಆಡಿನ ಚರ್ಮ, ತಂಬೂರಿಯ ಬುರುಡೆ, ಕಟ್ಟಿಗೆ ಎಲ್ಲವನ್ನೂ ಘೋಷಣಾ ಪತ್ರದಲ್ಲಿ ಬರೆಯಬೇಕು. ಬುರುಡೆಯೊಳಗೆ ಬೀಜ ಅಥವಾ ಹುಳದ ಪುಡಿ ಅಲುಗಿದರೆ ಅಲ್ಲಿ ತಡೆಯುತ್ತಾರೆ, ಹೊರಡುವ ಮೊದಲು ನಾವೇ ಅಲುಗಿಸಿ ನೋಡಿ ಸ್ವಚ್ಛ ಮಾಡಿಕೊಡುತ್ತೇವೆ.

ಪ್ರಯಾಣಕ್ಕೆ ಮೂರು ವಾರ ಮೊದಲು ವಾದ್ಯ ತನ್ನಿ. ಹೊಸ ಪಟ್ಟಿಯ ಮೇಲೆ ತಂತಿ ಹತ್ತು ದಿನ ಕೂತ ಮೇಲೆ ಜವಾರಿಯನ್ನು ಇನ್ನೊಮ್ಮೆ ತಿದ್ದಬೇಕಾಗುತ್ತದೆ. ವಾಪಸ್ ಒಯ್ಯುವಾಗ ಪ್ರತಿ ಭಾಗ ಯಾವುದರದ್ದೆಂದು ಬರೆದು ಸಹಿ ಹಾಕಿದ ಚೀಟಿ ಕೊಡುತ್ತೇವೆ: ಘೋಡಿ ಡೆಲ್ರಿನ್, ಮಣಿ ಗಾಜು, ದಾಂಡಿ (ವಾದ್ಯದ ಕತ್ತು) ತೂನ್ ಕಟ್ಟಿಗೆ, ಹೀಗೆ. ತೆಗೆದ ಎಲುಬಿನ ಘೋಡಿಯನ್ನು ಪೊಟ್ಟಣ ಕಟ್ಟಿ ಕೊಡುತ್ತೇವೆ, ಅದನ್ನು ಮನೆಯಲ್ಲೇ ಇಟ್ಟು ಹೋಗಿ. ಬೆಂಗಳೂರು ಅಥವಾ ಮುಂಬೈಯಲ್ಲಿ ಬ್ಯಾಗ್ ಒಪ್ಪಿಸುವ ಮೊದಲು ವಾದ್ಯವನ್ನು ಕಸ್ಟಮ್ಸ್‌ನವರಿಗೆ ತೋರಿಸಿ ರಫ್ತು ಪ್ರಮಾಣಪತ್ರ ಕೇಳಿ ಪಡೆಯಿರಿ, ಮರಳಿ ಬರುವಾಗ ಅದೇ ವಾದ್ಯಕ್ಕೆ ಸುಂಕದ ಪ್ರಶ್ನೆ ಏಳುವುದಿಲ್ಲ.

ಇಂತಿ,
ನಿಮ್ಮ ವಾದ್ಯಗಳ ಕೆಲಸಗಾರರು
ಧಾರವಾಡ