ಅಂಗವಿಕಲರ ಕೆಲಸ: ಅಂಕಿ ನೋಡುವ ಮುಂಚೆ

ಗುಂಪಿನ ಎಲ್ಲರಿಗೂ ನಮಸ್ಕಾರ.

‘ಅಂಗವಿಕಲರು ನೂರಕ್ಕೆ ಇಬ್ಬರೇ ಅಲ್ವಾ?’ ಅಂತ ನಿನ್ನೆ ಇಲ್ಲಿ ಒಬ್ಬರು ಕೇಳಿದ್ದರು. ಆ ಲೆಕ್ಕ 2011ರ ಜನಗಣತಿಯದು. ದೇಶದಲ್ಲಿ 2.68 ಕೋಟಿ, ಅಂದರೆ ಶೇ. 2.21. ನಮ್ಮ ರಾಜ್ಯದಲ್ಲಿ 13.24 ಲಕ್ಷ. ಆದರೆ ಆಗ ಪಟ್ಟಿಯಲ್ಲಿದ್ದದ್ದು ಎಂಟೇ ಬಗೆ. ಕೇಂದ್ರದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆ ಗುರುತಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಂತೂ ಜಗತ್ತಿನಲ್ಲಿ ಆರು ಜನರಿಗೆ ಒಬ್ಬರು. ಪ್ರಶ್ನೆ ಬದಲಾದಂತೆ ಸಂಖ್ಯೆಯೂ ಬದಲಾಗುತ್ತದೆ. ಸುಮ್ನೆ ಒಂದೇ ಅಂಕಿ ಹಿಡಿದುಕೊಂಡು ಕೂರಬೇಡಿ.

ಬೆಳಗಾವಿಯ ಉದ್ಯಮಬಾಗದ ನಮ್ಮ ವರ್ಕ್‌ಶಾಪಿನಲ್ಲಿ ಲೇಥ್ ನಡೆಸುವ ಹುಡುಗನಿಗೆ ಕಿವಿ ಕೇಳುವುದಿಲ್ಲ. ಹೋದ ತಿಂಗಳು ಮಷಿನ್ ಮೇಲೆ ಅಂಗೈ ಇಟ್ಟು ನಿಂತವನು, ಬೇರಿಂಗ್ ಕಡೆ ಬೆರಳು ಮಾಡಿ ತೋರಿಸಿದ. ಬಿಚ್ಚಿ ನೋಡಿದರೆ ನಿಜವಾಗಿಯೂ ಸವೆದಿತ್ತು. ನಮ್ಮ ಯಾರ ಕಿವಿಗೂ ಅದು ಬಿದ್ದಿರಲಿಲ್ಲ! ಅವನಿಗಾಗಿ ನಾವು ಮಾಡಿದ್ದು ಇಷ್ಟೇ: ಸೈರನ್ ಜೊತೆ ಒಂದು ಕೆಂಪು ದೀಪ, ಗೋಡೆಗೆ ಒಂದು ಬರೆಯುವ ಹಲಗೆ. ಈಗ ಆ ಹಲಗೆ ಎಲ್ಲರಿಗೂ ಬೇಕಾಗಿದೆ.

ಸರ್ಕಾರಿ ಕೆಲಸ ಹುಡುಕುವವರು ಗಮನಿಸಿ. ಕೇಂದ್ರದ ಅದೇ ಕಾಯ್ದೆಯಲ್ಲಿ ಕನಿಷ್ಠ ಶೇ. 4 ಮೀಸಲಾತಿ ಇದೆ. ಅದಕ್ಕೆ ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇನ್ನೂ ಮಾಡಿಸದವರು ಬೇಗ ಮಾಡಿಸಿಕೊಳ್ಳಿ.

ನಿಮ್ಮಲ್ಲಿ ಜಾಗ ಖಾಲಿ ಇದ್ದರೆ ಇಲ್ಲೇ ಹಾಕಿ. ಮೆಟ್ಟಿಲು ಎಷ್ಟು, ಶೌಚಾಲಯ ಎಲ್ಲಿದೆ ಅಂತಲೂ ಬರೆಯಿರಿ. ಸಂಬಳಕ್ಕಿಂತ ಮುಂಚೆ ನನಗೆ ಬರುವ ಪ್ರಶ್ನೆ ಅದೇ.