ಭಾನುವಾರದ ಕಾಲ್: ಹೆರಿಗೆಗೆ ಮುಂಚೆ ಕೇಳಬೇಕಾದ ಪ್ರಶ್ನೆಗಳು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ವಿಡಿಯೋ ಕಾಲ್ ಇದೆ, ಏಳು ತಿಂಗಳು ತುಂಬಿದವರು ತಪ್ಪಿಸಬೇಡಿ, ಹೆರಿಗೆಗೆ ಜೊತೆಗೆ ಬರುವವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ನನ್ನ ಮೊದಲ ಹೆರಿಗೆಯಲ್ಲಿ ನೋವಿನ ಮಧ್ಯೆ ಪೆನ್ನು ಕೊಟ್ಟು ಸಹಿ ಹಾಕಿಸಿಕೊಂಡರು. ಕೈ ನಡುಗುತ್ತಿತ್ತು, ಯಾವುದಕ್ಕೆ ಅಂತ ಓದಲೂ ಆಗಲಿಲ್ಲ. ಅದಕ್ಕೇ ಮೊದಲೇ ಕೇಳಿಟ್ಟುಕೊಳ್ಳಿ ಅನ್ನೋದು. ಎಲ್ಲರಿಗೂ ಸುಮ್ನೆ ಎನಿಮಾ (ಹೊಟ್ಟೆ ಖಾಲಿ ಮಾಡಿಸಲು ಹಿಂದಿನಿಂದ ದ್ರವ ಬಿಡುವುದು) ಕೊಡುವುದು, ಕೆಳಗಿನ ಕೂದಲು ಬೋಳಿಸುವುದು, ಮಗು ಬರುವ ದಾರಿಯನ್ನು ಕೊಯ್ದು ಹೊಲಿಗೆ ಹಾಕುವುದು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ.

ಏನಾದರೂ ಮಾಡಬೇಕು ಅಂದರೆ ಡಾಕ್ಟರ್ ಹತ್ತಿರ ಕೇಳಿ: ಇದು ನನಗೆ ಯಾಕೆ ಬೇಕು? ಸ್ವಲ್ಪ ಕಾದರೆ ಏನಾಗುತ್ತೆ? ಬೇರೆ ದಾರಿ ಇದೆಯಾ? ಆದರೆ ಬಿಪಿ ತುಂಬಾ ಏರಿದಾಗ, ಮಗುವಿನ ಎದೆಬಡಿತ ಇಳಿದಾಗ ವಾದಕ್ಕೆ ನಿಲ್ಲಬೇಡಿ, ಆಗ ಡಾಕ್ಟರ್ ಹೇಳುವ ಚಿಕಿತ್ಸೆಯೇ ಜೀವ ಉಳಿಸುತ್ತೆ.

ಬರುವವರು ಶುಕ್ರವಾರದೊಳಗೆ ಎಷ್ಟನೇ ತಿಂಗಳು ಅಂತ ಇಲ್ಲೇ ಬರೆದು ತಿಳಿಸಿ.