ಮಗಳಿಗೊಂದು ಪತ್ರ: ಗಾಯದಿಂದ ಬಿಚ್ಚಿದ ಪಟ್ಟಿಯನ್ನು ನೋಡಿ ಎಸೆ

ಚಾಮರಾಜಪೇಟೆ, ಬೆಂಗಳೂರು
ಭಾನುವಾರ ರಾತ್ರಿ

ಪುಟ್ಟಿ,

ನೀನು ರಾತ್ರಿ ಪಾಳಿ ಮುಗಿಸಿ ಬರುವಷ್ಟರಲ್ಲಿ ನಾನು ಮಾರ್ಕೆಟ್ ಬಸ್ಸು ಹತ್ತಿರುತ್ತೇನೆ. ಅದಕ್ಕೇ ಈ ಚೀಟಿ, ಟೀ ಪುಡಿ ಡಬ್ಬದ ಕೆಳಗೆ. ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸಿಂಗ್ ಟ್ರಾಲಿ ಜೊತೆ ಹಾಕಿದ್ದಾರೆ, ಕೈ ನಡುಗುತ್ತೆ ಅಪ್ಪಾ ಅಂದೆಯಲ್ಲ. ನಾನು ಡ್ರೆಸ್ಸರ್ ಆಗಿ 26 ವರ್ಷ ಆಯಿತು. ಮೊದಲ ತಿಂಗಳು ನನಗೂ ನಡುಗುತ್ತಿತ್ತು.

ಕೈ ತೊಳೆಯುವುದು, ಗ್ಲೌಸ್ ಹಾಕುವುದು ನಿನಗೆ ಹೇಳಿಕೊಟ್ಟಿದ್ದಾರೆ. ಹಳೇ ಪಟ್ಟಿ ಬಿಚ್ಚಿದ ಗ್ಲೌಸ್‌ನಲ್ಲೇ ಹೊಸ ಗಾಜ್ (ಗಾಯಕ್ಕೆ ಇಡುವ ತೆಳು ಬಟ್ಟೆ) ಮುಟ್ಟಬೇಡ, ಅಷ್ಟೇ. ಅದನ್ನು ತೆಗೆದು, ಕೈ ತೊಳೆದು, ಬೇರೆ ಹಾಕಿಕೋ. ಅವಸರದಲ್ಲಿ ಎಲ್ಲರೂ ತಪ್ಪುವುದು ಇಲ್ಲೇ.

ನೋವು ಜಾಸ್ತಿ ಆಗುವುದು ಬಿಚ್ಚುವಾಗ. ನೋವಿನ ಮಾತ್ರೆ ಬರೆದಿದ್ದರೆ ಅರ್ಧ ಗಂಟೆ ಮುಂಚೆಯೇ ಸಿಸ್ಟರ್‌ಗೆ ನೆನಪಿಸು. ಅಂಟು ಪ್ಲಾಸ್ಟರನ್ನು ಮೇಲಕ್ಕೆ ಕೀಳಬೇಡ. ಒಂದು ಕೈಯಲ್ಲಿ ಚರ್ಮ ಒತ್ತಿ ಹಿಡಿದು, ಗಾಯದ ಕಡೆಗೆ ಮೆಲ್ಲಗೆ ಸುಲಿ. ವಯಸ್ಸಾದವರ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ, ಜೊತೆಗೇ ಬಂದುಬಿಡುತ್ತದೆ. ಗಾಜ್ ಅಂಟಿಕೊಂಡಿದ್ದರೆ ನಾರ್ಮಲ್ ಸಲೈನ್ (ಗಾಯಕ್ಕೆ ಹಾಕುವ ಉಪ್ಪುನೀರು) ಹಾಕಿ ಸ್ವಲ್ಪ ಹೊತ್ತು ಸುಮ್ನೆ ಕಾಯು. ಒಣಗಿದ್ದನ್ನು ಎಳೆದರೆ ಹೊಸದಾಗಿ ಬಂದ ಮಾಂಸವೂ ಕಿತ್ತು ಬರುತ್ತದೆ.

ಬಿಚ್ಚಿದ್ದನ್ನು ತಕ್ಷಣ ಕಸದ ಹಳದಿ ಚೀಲಕ್ಕೆ ಹಾಕಬೇಡ. ನೋಡು. ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಒಂದು ಸಣ್ಣ ನರ್ಸಿಂಗ್ ಹೋಂನಲ್ಲಿ ಆಗ ನಾನು ಹೊಸಬ. ಹೊಟ್ಟೆ ಆಪರೇಷನ್ ಆದವರೊಬ್ಬರು, ಐದನೇ ದಿನ. ಹೊಲಿಗೆ ನೋಡಲು ಚೆನ್ನಾಗಿಯೇ ಇತ್ತು. ಪ್ಯಾಡ್ ಮಾತ್ರ ತೊಯ್ದುಹೋಗಿತ್ತು, ಮಾಂಸ ತೊಳೆದ ನೀರಿನ ಬಣ್ಣ. ಕೀವಿಲ್ಲ, ವಾಸನೆಯಿಲ್ಲ. ಎಸೆದು, ಹೊಸದು ಹಾಕಿ, ಕಾಫಿಗೆ ಹೋದೆ. ಯಾರಿಗೂ ಹೇಳಲಿಲ್ಲ. ರಾತ್ರಿ ಅವರು ಕೆಮ್ಮಿದಾಗ ಹೊಲಿಗೆ ಬಿಟ್ಟು ಕರುಳು ಕಂಡಿತು. ಸಿಸ್ಟರ್ ಅದನ್ನು ಒಳಕ್ಕೆ ತಳ್ಳಲು ಹೋಗಲಿಲ್ಲ, ಬಾಯಿಗೆ ನೀರೂ ಕೊಡಲಿಲ್ಲ. ಮೊಣಕಾಲು ಮಡಿಸಿ ಮಲಗಿಸಿ, ಸಲೈನ್‌ನಲ್ಲಿ ಅದ್ದಿದ ಸ್ಟೆರೈಲ್ (ಕ್ರಿಮಿ ಇಲ್ಲದ) ಬಟ್ಟೆ ಮುಚ್ಚಿ, ಸರ್ಜನ್‌ಗೆ ಫೋನ್ ಮಾಡಿದರು. ರೋಗಿ ಉಳಿದರು. ಮರುದಿನ ಸರ್ಜನ್ ನನ್ನನ್ನು ಬೈಯಲೂ ಇಲ್ಲ. "ಬೆಳಿಗ್ಗೆ ಪ್ಯಾಡ್ ಹೇಗಿತ್ತು?" ಅಂತ ಕೇಳಿದರು. ಒಳಗಿನ ಹೊಲಿಗೆ ಬಿಡುವ ಮುಂಚೆ ಅಂಥ ನೀರು ಬರಬಹುದು ಅಂತ ಅವತ್ತು ಗೊತ್ತಾಯಿತು.

ಅದಕ್ಕೇ "ಸ್ವಲ್ಪ ಒದ್ದೆ ಇತ್ತು ಸಿಸ್ಟರ್" ಅಂದು ಸುಮ್ಮನಾಗಬೇಡ. ಎಷ್ಟು ಪ್ಯಾಡ್ ತೊಯ್ದಿತ್ತು, ಯಾವ ಬಣ್ಣ, ವಾಸನೆ ಇತ್ತಾ, ನಿನ್ನೆಗಿಂತ ಜಾಸ್ತಿಯಾ, ಹೇಳು. ಸುತ್ತ ಕೆಂಪು ಹರಡಿದ್ದರೆ, ಮುಟ್ಟಿದರೆ ಬಿಸಿ ಇದ್ದರೆ, ಕಡಿಮೆಯಾಗಬೇಕಾದ ನೋವು ಏರುತ್ತಿದ್ದರೆ, ಹೊಸ ಪಟ್ಟಿ ಕಟ್ಟುವ ಮುಂಚೆಯೇ ಸಿಸ್ಟರನ್ನು ಕರೆ. ಕಟ್ಟಿದ ಮೇಲೆ ಕರೆದರೆ ಮತ್ತೆ ಬಿಚ್ಚಬೇಕು, ರೋಗಿಗೆ ಎರಡು ಸಲ ನೋವು. ದಾಳಿಂಬೆ ಕಾಳಿನಂಥ ಕೆಂಪು ಕಂಡರೆ ಗಾಯ ಮಾಯುತ್ತಿದೆ. ಹಳದಿ ಇರುವುದೆಲ್ಲ ಕೀವಲ್ಲ, ಆದರೆ ಅದನ್ನು ತೀರ್ಮಾನ ಮಾಡುವವರು ನಾವಲ್ಲ. ಕಪ್ಪಾಗಿದ್ದರೆ ಕೆರೆಯಲು ಹೋಗಬೇಡ.

ಸಕ್ಕರೆ ಕಾಯಿಲೆಯವರು "ನೋವೇ ಇಲ್ಲಮ್ಮ" ಅಂದರೆ ಸಮಾಧಾನ ಪಡಬೇಡ. ಎಷ್ಟೋ ಜನರಿಗೆ ಪಾದದಲ್ಲಿ ಸ್ಪರ್ಶವೇ ಹೋಗಿರುತ್ತದೆ. ಇನ್ನೊಂದು ಕಾಲಿನ ಹಿಮ್ಮಡಿ, ಬೆರಳ ಸಂದಿಯನ್ನೂ ನೋಡಿಬಿಡು.

ಒರೆಸುವಾಗ ಗಾಯದ ನಡುವಿನಿಂದ ಹೊರಕ್ಕೆ, ಒಂದು ಗಾಜ್ ತುಂಡಿನಲ್ಲಿ ಒಂದೇ ಸಲ. ರಕ್ತದ ಗಾಜ್ ಹಳದಿ ಚೀಲಕ್ಕೆ, ಗ್ಲೌಸ್ ಕೆಂಪು ಚೀಲಕ್ಕೆ. ಇದೆಲ್ಲ ವಾರದಲ್ಲಿ ಕೈಗೆ ಬರುತ್ತದೆ.

ಇನ್ನು ನಮ್ಮೂರಿನವರ ಕಾಫಿ ಪುಡಿ! ಬಿದ್ದು ಗಾಯ ಆದರೆ ಅಡುಗೆಮನೆಯಿಂದ ಕಾಫಿ ಪುಡಿಯೋ ಅರಿಶಿನವೋ ತುಂಬಿಕೊಂಡೇ ಬರುತ್ತಾರೆ. ದೀಪಾವಳಿಯಲ್ಲಿ ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್. ನಿನ್ನ ಅಜ್ಜಿ ನನಗೂ ಹಾಕಿದ್ದಳು, ಅಲ್ವಾ, ಮೊಣಕಾಲಿನ ಕಲೆ ನೀನೇ ನೋಡಿದ್ದೀಯ. ಹೀಗೆ ಹಾಕಿಕೊಂಡು ಬಂದವರನ್ನು ಬೈಯಬೇಡ. ಬೈದರೆ ಮುಂದಿನ ಸಲ ಹೇಳದೆ ಮುಚ್ಚಿಡುತ್ತಾರೆ. ಏನು ಹಾಕಿದ್ದರು ಅಂತ ಕೇಳಿ ಸಿಸ್ಟರ್‌ಗೆ ತಿಳಿಸು.

ಡಬ್ಬಿಯಲ್ಲಿ ಚಿತ್ರಾನ್ನ ಇದೆ, ತಿಂದು ಮಲಗು. ನಿನ್ನ ಮೊದಲ ಡ್ರೆಸ್ಸಿಂಗ್ ಆದ ಮೇಲೆ ಈ ಚೀಟಿಯ ಹಿಂದೆ ಬರೆದಿಡು. ರೋಗಿಯ ಹೆಸರು ಬೇಡ. ಬಣ್ಣ, ವಾಸನೆ, ಎಷ್ಟು, ಅಷ್ಟು ಸಾಕು.

ನಿನ್ನ ಅಪ್ಪ